ಕಡಿಮೆ ಖರ್ಚಿನಲ್ಲಿ, ಕಾನೂನಿನೊಳಗೆ ಒಂದು ಕೋವಿ: ಬೆಳೆ ಕಾಯೋರಿಗೆ ದಾರಿ ಏನು?

ಆಗುಂಬೆ ಮಳೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ಕಡೆಯವನು. ಎರಡೂವರೆ ಎಕರೆ ಅಡಿಕೆ, ನಡುವೆ ಬಾಳೆ, ಏಲಕ್ಕಿ, ಮನೆ ಕೆಳಗೆ ಮುಕ್ಕಾಲು ಎಕರೆ ಗದ್ದೆ. ಈ ಸಲ ಹಂದಿ ಹಿಂಡು ಮೂರೇ ರಾತ್ರಿಯಲ್ಲಿ ಗದ್ದೆ ಮುಗಿಸಿತು. ಬೆಳಿಗ್ಗೆ ಹೋಗಿ ನೋಡಿದರೆ ತೆನೆ ಬಂದ ಪೈರಿನ ಮೇಲೆ ಚಾಪೆ ಹಾಸಿ ಮಲಗಿ ಎದ್ದ ಹಾಗಿತ್ತು. ತಿಂದದ್ದು ಕಡಿಮೆ, ಹೊರಳಾಡಿ ಕೆಡಿಸಿದ್ದೇ ಜಾಸ್ತಿ. ಅಮ್ಮ ಬದುವಿನ ಮೇಲೆ ಕೂತು ಒಂದು ಮಾತೂ ಆಡಲಿಲ್ಲ.

ತಗಡು ಬಡಿದಾಯ್ತು, ಹಳೆ ಸೀರೆ ಕಟ್ಟಿದ್ದಾಯ್ತು, ರಾತ್ರಿಯಿಡೀ ರೇಡಿಯೋ ಹಚ್ಚಿಟ್ಟದ್ದೂ ಆಯ್ತು. ಎರಡು ದಿನ ಹೆದರುತ್ತವೆ, ಮೂರನೇ ದಿನ ರೇಡಿಯೋ ಪಕ್ಕದಲ್ಲೇ ಮೇಯುತ್ತವೆ.

ಈಗ ಒಂದು ಕೋವಿ ಬೇಕು ಅನ್ನಿಸಿದೆ. ಪೇಟೆಯಲ್ಲಿ ವಿಚಾರಿಸಿದರೆ ಹೊಸ ಜೋಡುನಳಿಗೆಯ ಬೆಲೆ ಕೇಳಿಯೇ ಸುಸ್ತು, ರೈಫಲ್ಲಿನ ಮಾತಂತೂ ಬೇಡ. ಪಕ್ಕದೂರಿನಲ್ಲಿ ಕಬ್ಬಿಣದ ಕೆಲಸ ಮಾಡುವ ಒಬ್ಬರು 'ನಾನೇ ಒಂದು ಕೇಪಿನ ಕೋವಿ ಮಾಡಿಕೊಡ್ತೀನಿ, ನಿಮ್ಮ ಅಜ್ಜನಿಗೂ ನಮ್ಮಪ್ಪನೇ ರಿಪೇರಿ ಮಾಡ್ತಿದ್ದದ್ದು' ಅಂತಾರೆ. ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯೋದು. ಕೆಲಸದಲ್ಲಿ ಅವರ ಕೈ ನಂಬಬಹುದು. ಮಾಡಿಸಿಕೊಂಡು ಆಮೇಲೆ ಪರವಾನಗಿ ಮಾಡಿಸೋಕೆ ಆಗುತ್ತಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಪಹಣಿ ಪತ್ರ

ಮೊದಲು ಆ ಕೊನೆಯ ಪ್ರಶ್ನೆಗೆ ಉತ್ತರ: ಆಗೋದಿಲ್ಲ. ಆ ಕೆಲಸ ಶುರು ಮಾಡಿಸಲೇಬೇಡಿ.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ತಯಾರಿಸೋದು, ಮಾರೋದು, ರಿಪೇರಿ ಮಾಡೋದು, ಇದ್ದದ್ದನ್ನು ಬದಲಾಯಿಸೋದು, ಎಲ್ಲಕ್ಕೂ ಪ್ರತ್ಯೇಕ ಪರವಾನಗಿ ಬೇಕು. ನಿಮ್ಮ ಹತ್ತಿರ ಇಟ್ಟುಕೊಳ್ಳುವ ಪರವಾನಗಿ ಇದ್ದರೂ ಅದು ತಯಾರಿಕೆಗೆ ಬರೋದಿಲ್ಲ. 2019ರ ತಿದ್ದುಪಡಿ ಆದಮೇಲೆ ಪರವಾನಗಿ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಪರವಾನಗಿ ಇಲ್ಲದೆ ಸಾದಾ ಕೋವಿ ಇಟ್ಟುಕೊಂಡಿದ್ದಕ್ಕೇ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ. ನಳಿಗೆ ಕತ್ತರಿಸಿ ಚಿಕ್ಕದು ಮಾಡೋದನ್ನು 6ನೇ ಕಲಂ ಬೇರೆಯಾಗಿಯೇ ನಿಷೇಧಿಸುತ್ತದೆ. ಆ ಕೆಲಸದವರು ಒಳ್ಳೆಯವರೇ ಇರಬಹುದು, ಆದರೆ ನಿಮಗಿಂತ ಮೊದಲು ಜೈಲಿಗೆ ಹೋಗೋದು ಅವರು. ನಿಮ್ಮ ಮುಕ್ಕಾಲು ಎಕರೆ ಭತ್ತಕ್ಕೆ ಅವರ ಮನೆ ಹಾಳು ಮಾಡಬೇಡಿ.

ಇನ್ನು ನಿಮ್ಮಂಥವರಿಗೆ ಕಾಯ್ದೆಯಲ್ಲೇ ಒಂದು ಬಾಗಿಲು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 13ನೇ ಕಲಮಿನ 3ನೇ ಉಪಕಲಂ ಓದಿ. ಬೆಳೆ ರಕ್ಷಣೆಗೆ ನಿಜವಾಗಿ ಬೇಕಾದ ಕೇಪಿನ ಕೋವಿ, ಅಥವಾ ರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆ ಇಲ್ಲದ ನಳಿಗೆಯ ನುಣುಪು ನಳಿಗೆ ಕೋವಿ (ಒಳಗೆ ಸುತ್ತುಗೆರೆ ಇಲ್ಲದ್ದು), ಇವಕ್ಕೆ ಪರವಾನಗಿ 'ಕೊಡತಕ್ಕದ್ದು' ಅಂತ ಇದೆ. ಪೊಲೀಸ್ ವರದಿ, 14ನೇ ಕಲಮಿನ ನಿರಾಕರಣೆಯ ಕಾರಣಗಳು ಎಲ್ಲ ಅನ್ವಯಿಸುತ್ತವೆ, ಅದು ಬೇರೆ. ಕೇಪಿನ ಕೋವಿ ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೂ ಕೊಡಬಹುದು. ಸುತ್ತುಗೆರೆ ಇರುವ ನಳಿಗೆ, ಅಂದರೆ ರೈಫಲ್, ಈ ಬಾಗಿಲಲ್ಲಿ ಬರೋದಿಲ್ಲ. ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸಕ್ಕಾದರೆ ಮಾತ್ರ ಅಲ್ಲಿ ಜಾಗ ಇದೆ. ಉಳಿದಂತೆ ರೈಫಲ್‌ಗಳಿಗೆ ಸಕಾರಣ ಇದೆ ಅಂತ ಜಿಲ್ಲಾಧಿಕಾರಿಗೆ ಅನ್ನಿಸಬೇಕು.

ಹಾಗಾಗಿ ಅರ್ಜಿಯಲ್ಲಿ 'ಆತ್ಮರಕ್ಷಣೆ' ಅಂತ ಬರೆದು ರೈಫಲ್ ಕೇಳಬೇಡಿ. 'ಬೆಳೆ ರಕ್ಷಣೆ' ಅಂತ ಬರೆಯಿರಿ. ಪಹಣಿ, ಬೆಳೆ ಹಾನಿಯ ಫೋಟೊ, ಅರಣ್ಯ ಇಲಾಖೆಗೆ ಪರಿಹಾರಕ್ಕೆ ಕೊಟ್ಟ ಅರ್ಜಿಯ ಪ್ರತಿ ಇದ್ದರೆ ಅದೂ ಇರಲಿ.

ಹಾಸನದ ಮಾಜಿ ಸೈನಿಕ

ಪಹಣಿ ಪತ್ರದವರು ಹೇಳಿದ್ದು ನೂರಕ್ಕೆ ನೂರು ಸರಿ. ಮನೆಯಲ್ಲಿ ಮಾಡಿದ ಕೋವಿಯ ಬಗ್ಗೆ ನನ್ನದೊಂದು ಮಾತು ಇರಲಿ. ನಾನು ಹುಡುಗನಾಗಿದ್ದಾಗ ನಮ್ಮ ಊರಿನ ಒಬ್ಬರ ನಾಡಕೋವಿ ಹಿಂದಿನಿಂದ ಸಿಡಿದು ಬಲಗೈಯ ಎರಡು ಬೆರಳು ಹೋಯಿತು. ಆಸ್ಪತ್ರೆಗೆ ಹೋದರೆ ಕೇಸಾಗುತ್ತದೆ ಅಂತ ಹೆದರಿ ಮೂರು ದಿನ ಅರಿಶಿನ ಕಟ್ಟಿಕೊಂಡು ಮನೆಯಲ್ಲೇ ನರಳಿದರು. ಆಮೇಲೆ ಜೀವಮಾನವಿಡೀ ಅನ್ನ ಕಲಸಿದ್ದು ಎಡಗೈಯಲ್ಲಿ. ನಳಿಗೆ ಅಂದರೆ ಬರೀ ಕೊಳವೆ ಅಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಮಾಮೂಲಿಗಿಂತ ಹೆಚ್ಚು ಒತ್ತಡದ ಮದ್ದು ಹಾಕಿ ಪರೀಕ್ಷಿಸಿ, ತಾಳಿದ ಮೇಲೆ ಮುದ್ರೆ ಒತ್ತುತ್ತಾರೆ. ಆ ಮುದ್ರೆಗೇ ನಾವು ದುಡ್ಡು ಕೊಡೋದು.

ಇನ್ನು ರೈಫಲ್ ಬಗ್ಗೆ. ನಮ್ಮ ದೇಶದಲ್ಲಿ ಸಾಮಾನ್ಯ ಜನರ ಕೈಗೆ ಎಟಕುವ ರೈಫಲ್ ಅಂದರೆ .315 ಸ್ಪೋರ್ಟಿಂಗ್ ರೈಫಲ್ (ಈ ಅಂಕಿ ಅಂದರೆ ಬೋರ್, ನಳಿಗೆಯ ಒಳ ಅಳತೆ, ಇಂಚಿನಲ್ಲಿ). ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯದು. ಅದನ್ನು ಕೈಗೆತ್ತಿಕೊಂಡರೆ ಹಳೆಯ ಸಿಪಾಯಿಗೆ ಮೈ ಜುಮ್ಮೆನ್ನುತ್ತದೆ: ಅದೇ ಲೀ ಎನ್‌ಫೀಲ್ಡಿನ ಬೋಲ್ಟು (ಕೈಯಿಂದ ಎಳೆದು ತೋಟೆ ಕೂರಿಸುವ ಅಗಣಿ), ಎತ್ತಿ ಎಳೆದಾಗ ಅದೇ ನುಣುಪು. ಸೇನೆಯ ಹಳೆ .303 ಹಿಡಿದವರಿಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಹಾಗಾದರೆ .303 ಅನ್ನೇ ಏಕೆ ಕೊಡಲಿಲ್ಲ? ಕಾನೂನು. 1857 ಕಂಡ ಬ್ರಿಟಿಷರಿಗೆ, ಸೇನೆಯ ತೋಟೆ ಜನರ ಕೋವಿಗೆ ಹೊಂದಬಾರದು ಅನ್ನೋ ಭಯ ಹೋಗಲೇ ಇಲ್ಲ. ಸೇನೆಯ ಅಳತೆಗಳನ್ನು ಜನರಿಗೆ ನಿಷೇಧಿಸಿದರು. ಬಂದೂಕು ಕಂಪನಿಗಳು ಸುಮ್ಮನೆ ಕೂರಲಿಲ್ಲ. ಹಳೆ 8 ಮಿಲಿಮೀಟರ್ ಮ್ಯಾನ್‌ಲಿಖರ್ ತೋಟೆಯನ್ನು ಹಿಡಿದು, ಲೀ ಎನ್‌ಫೀಲ್ಡ್ ಮಾದರಿಯ ರೈಫಲ್ಲಿಗೇ ಬೇರೆ ನಳಿಗೆ ಕೂರಿಸಿ .315 ಅಂತ ಮಾರಿದರು. ಯಂತ್ರ ಅದೇ, ಅಳತೆ ಬೇರೆ, ಕಾನೂನಿಗೆ ತೃಪ್ತಿ. 1907ರಲ್ಲಿ .450 ಅನ್ನು ನಿಷೇಧಿಸಿದಾಗಲೂ ಇದೇ ಕಥೆ. ಆನೆ, ಕಾಟಿಯ ಬೇಟೆಗೆ .470ನಂಥ ಹೊಸ ಅಳತೆಗಳು ಹುಟ್ಟಿದ್ದು ಆಗಲೇ. ಬ್ರಿಟಿಷರು ಹೋದರು, ನಿಷೇಧಿತ ಬೋರ್ ಅನ್ನೋ ಪಟ್ಟಿ ಉಳಿಯಿತು, .315 ಕೂಡ ಉಳಿಯಿತು. 2021ರ ಅಕ್ಟೋಬರಿನಲ್ಲಿ ಆರ್ಡ್ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಇಶಾಪುರ ಬಂದದ್ದು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಅನ್ನೋ ಕಂಪನಿಯ ಕೆಳಗೆ.

ಆದರೆ ತಮ್ಮಾ, ನಿನ್ನ ಗದ್ದೆಗೆ .315 ಬೇಡ. ಅದರ ಗುಂಡು ಹಂದಿಗೆ ತಾಗದಿದ್ದರೆ ಎಷ್ಟೋ ದೂರ ಹೋಗುತ್ತದೆ. ಮಲೆನಾಡಲ್ಲಿ ಗುಡ್ಡದ ಆಚೆ ಒಂಟಿಮನೆ ಇರುತ್ತದೆ, ರಾತ್ರಿ ಕಾಣೋದಿಲ್ಲ. ಚರೆ ಹಾಕಿದ ಕೋವಿಯ ಈಡು ಅಷ್ಟು ದೂರ ಹೋಗೋದಿಲ್ಲ. ಕಾಯ್ದೆ ಮಾಡಿದವರು ಬೆಳೆ ರಕ್ಷಣೆಗೆ ನುಣುಪು ನಳಿಗೆಯನ್ನೇ ಹೇಳಿದ್ದು ನನ್ನ ಮಟ್ಟಿಗೆ ವಿವೇಕದ ಮಾತು.

ಕೊಡಗಿನ ಕಾಫಿ

ಇಂಥ ಚರ್ಚೆ ಬಂದಾಗೆಲ್ಲ ಯಾರಾದರೂ 'ಕೊಡಗಿನವರಿಗೆ ಲೈಸೆನ್ಸೇ ಬೇಡ, ನಿಮಗೇನು' ಅಂತಾರೆ. ಯಾರೂ ಹೇಳುವ ಮೊದಲೇ ನಾನೇ ಬರೆದುಬಿಡ್ತೀನಿ.

ವಿನಾಯಿತಿ ಇರೋದು ಜನಾಂಗದಿಂದ ಕೊಡವರಾದವರಿಗೆ ಮತ್ತು ಜಮ್ಮಾ ಭೂಮಿ (ಕೊಡಗಿನ ಹಳೆ ವಂಶಪಾರಂಪರ್ಯ ಹಿಡುವಳಿ) ಹಿಡುವಳಿದಾರರಿಗೆ. ಜಮ್ಮಾ ಇರುವ ಬೇರೆ ಸಮುದಾಯದವರಿಗೂ ಇದೆ. ಕೊಡಗಿನಲ್ಲಿ ವಾಸ ಇದ್ದ ಮಾತ್ರಕ್ಕೆ ಯಾರಿಗೂ ಸಿಗೋದಿಲ್ಲ. ಇದರ ಮೂಲ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ಆದೇಶ. ಸ್ವಾತಂತ್ರ್ಯ ಬಂದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರವೂ ಮುಂದುವರಿಸಿತು. 2019ರ ಅಕ್ಟೋಬರಿನ ಅಧಿಸೂಚನೆಯಲ್ಲಿ 2029ರ ಅಕ್ಟೋಬರ್ 31ರ ತನಕ ವಿಸ್ತರಿಸಿದ್ದಾರೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ತಳ್ಳಿಹಾಕಿ ವಿನಾಯಿತಿ ಎತ್ತಿಹಿಡಿಯಿತು.

ಹಾಗಂತ ಲೆಕ್ಕವಿಲ್ಲದ ಕೋವಿ ಇಟ್ಟುಕೊಳ್ಳೋ ಹಾಗಿಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ತಗೊಳ್ಳಬೇಕು, ಕೋವಿಯ ನಂಬರ್ ಅದರಲ್ಲಿ ಇರಬೇಕು. ತಯಾರಿಸೋಕೆ ನಮಗೂ ವಿನಾಯಿತಿ ಇಲ್ಲ.

ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ಇರೋದು ಒಂದು ಹಳೇ ಒಂಟಿನಳಿಗೆ. ನಮ್ಮ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಅದನ್ನು ಒರೆಸಿ, ನೆಲ್ಲಕ್ಕಿ ಬೊಳಿಚದ, ಅಂದರೆ ಮನೆಯ ದೇವರ ದೀಪದ ಎದುರು ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸ್ತೀವಿ. ಕೆಂಪು ಹಳದಿ ಎಸಳಿನ ಆ ಗೌರಿ ಹೂವಿಗೆ ಹೆಸರು ಬಂದದ್ದೇ ತೋಕಿನಿಂದ, ಅಂದರೆ ಕೋವಿಯಿಂದ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ನನ್ನ ತಂದೆ ಹೋದ ದಿನ ಆ ಎರಡು ಈಡು ಕೇಳಿಯೇ ಹೊಳೆ ಆಚೆಯವರು ಹೊರಟು ಬಂದರು, ಫೋನು ಮಾಡಬೇಕಾಗಿ ಬರಲಿಲ್ಲ. ಆ ಕೋವಿಗೆ ಬೆಲೆ ಕಟ್ಟಿ ಅಂದರೆ ನನಗೆ ಗೊತ್ತಾಗೋದಿಲ್ಲ. ಅದಕ್ಕೇ ಆಗುಂಬೆಯವರನ್ನು ಕೇಳ್ತಿದ್ದೀನಿ: ನಿಮ್ಮ ಅಜ್ಜನ ಕೋವಿ ರಿಪೇರಿ ಮಾಡ್ತಿದ್ದರು ಅಂದಿರಲ್ಲ, ಅದು ಈಗ ಎಲ್ಲಿದೆ?

ಹತ್ತು ಮೀಟರ್

ನಾನು ಬೆಂಗಳೂರಿನಲ್ಲಿ ಏರ್ ರೈಫಲ್ ಅಭ್ಯಾಸ ಮಾಡುವವಳು. ಇಲ್ಲಿ ಯಾರಾದರೂ 'ಏರ್ ಗನ್ ತಗೊಳ್ಳಿ, ಲೈಸೆನ್ಸ್ ಬೇಡ' ಅನ್ನೋ ಮೊದಲು ವಿಷಯ ತಿಳಿದಿರಲಿ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್, ಅಂದರೆ 4.5 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಹೊರಡುವ ಶಕ್ತಿ 20 ಜೌಲ್ ಮೀರಬಾರದು. ಇಷ್ಟರೊಳಗೆ ಇದ್ದರೆ ಪರವಾನಗಿ ಬೇಡ. ನಮ್ಮ ದೇಶದ ತಯಾರಕರು ಈ ಎರಡು ಗೆರೆಯೊಳಗೇ ವಿನ್ಯಾಸ ಮಾಡ್ತಾರೆ. ಮಧ್ಯಮ ವರ್ಗದ ಮಕ್ಕಳು ಗುರಿ ಕ್ರೀಡೆಗೆ ಬರೋಕೆ ಸಾಧ್ಯವಾಗಿದ್ದೇ ಇದರಿಂದ. ನಾನು ಶುರು ಮಾಡಿದ್ದೂ ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಅಂಥದ್ದೇ ಒಂದು ಸಾದಾ ರೈಫಲ್ಲಿನಲ್ಲಿ. ಸಂಜೆ ಹೊತ್ತಿಗೆ ತೋಳು ಸೋತು ಬಟ್ಟಲು ಎತ್ತೋಕೂ ಆಗ್ತಿರಲಿಲ್ಲ.

ಆದರೆ ಅದು ಕಾಗದದ ಗುರಿಗೆ. ಹಂದಿಗೆ ಅದು ಸೊಳ್ಳೆ ಕಚ್ಚಿದ ಹಾಗೆ. ಮಂಗಕ್ಕೆ ಹೊಡೆದರೆ ಗುಂಡು ಮೈಯೊಳಗೆ ಉಳಿದು ಕೀವಾಗಿ ವಾರಗಟ್ಟಲೆ ನರಳಿ ಸಾಯುತ್ತದೆ. ಕೋವಿಗೆ ಪರವಾನಗಿ ಬೇಡ ಅಂದ ಮಾತ್ರಕ್ಕೆ ಪ್ರಾಣಿಗೆ ಹೊಡೆಯೋಕೂ ಬೇಡ ಅಂತಲ್ಲ. 1972ರ ವನ್ಯಜೀವಿ ಕಾಯ್ದೆ ಮಂಗ, ಕೆಂಜಳಿಲು ಎಲ್ಲಕ್ಕೂ ರಕ್ಷಣೆ ಕೊಡುತ್ತದೆ. ದಯವಿಟ್ಟು ಮಾಡಬೇಡಿ.

ಕಾಸರಗೋಡಿನಿಂದ

ಹಂದಿಯ ವಿಷಯಕ್ಕೂ ಅದೇ ಕಾಯ್ದೆ ಉಂಟು ಮಾರಾಯ್ರೆ. ಕೋವಿಯ ಪರವಾನಗಿ ಕಿಸೆಯಲ್ಲಿದ್ದರೂ ಹಂದಿಗೆ ಈಡು ಬಿಡುವ ಮೊದಲು ಅರಣ್ಯ ಇಲಾಖೆಯ ಅನುಮತಿ ಬೇಕು. 11ನೇ ಕಲಂ ನೋಡಿ. ಇದು ಗೊತ್ತಿಲ್ಲದೆ ಸಿಕ್ಕಿಬಿದ್ದವರು ನಮ್ಮಲ್ಲಿಯೂ ಇದ್ದರು.

ಕೇರಳದಲ್ಲಿ 2022ರಿಂದ ಒಂದು ವ್ಯವಸ್ಥೆ ಮಾಡಿದ್ದಾರೆ. ಪಂಚಾಯತಿನ ಅಧ್ಯಕ್ಷರಿಗೇ ಗೌರವ ವನ್ಯಜೀವಿ ವಾರ್ಡನ್ ಅಂತ ಅಧಿಕಾರ ಕೊಟ್ಟು, ಬೆಳೆ ಹಾಳು ಮಾಡುವ ಹಂದಿಯನ್ನು ಪರವಾನಗಿ ಇರುವ ಕೋವಿಯವರಿಂದ ಹೊಡೆಸಬಹುದು. ನಮ್ಮ ಊರಿನ ಪಟ್ಟಿಯಲ್ಲಿ ಇರುವವರು ಬೆರಳೆಣಿಕೆಯವರು, ಅದೂ ಪ್ರಾಯ ಆದವರೇ ಹೆಚ್ಚು. ಕೋವಿ ಇದ್ದವರಿಗೆಲ್ಲ ವಯಸ್ಸಾಯಿತು, ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ. ಹಂದಿ ಬಂತು ಅಂತ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದರೆ ಅವರು ಬಿ.ಪಿ. ಮಾತ್ರೆ ತಿಂದು ಮಲಗಿರುತ್ತಾರೆ. ಆದರೂ ಪ್ರತಿಯೊಬ್ಬ ರೈತನೂ ಒಂದೊಂದು ಕೋವಿ ಕೊಳ್ಳುವ ಬದಲು ಊರಿಗೆ ನಾಲ್ಕು ಜನ ಸರಿಯಾಗಿ ಕಲಿತವರು ಇರುವುದು ಖರ್ಚಿಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು ಅಂತ ನನಗೆ ಕಾಣುತ್ತದೆ.

ಸ್ಯಾನ್ ಹೋಸೆ ಕನ್ನಡಿಗ

ಮಾಜಿ ಸೈನಿಕರು ಬರೆದ .315ರ ಕಥೆ ಓದಿ ಬಹಳ ಖುಷಿಯಾಯ್ತು ಸರ್, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾವು ನೋಡೋದೂ ಇದೇ. 1989ರಿಂದ ಇಲ್ಲಿ ಕೆಲವು ಬಗೆಯ ಅರೆಸ್ವಯಂಚಾಲಿತ ರೈಫಲ್‌ಗಳಿಗೆ ನಿಷೇಧ ಇದೆ. ಆಮೇಲೆ ಬಂದ ಕಾನೂನು ಹೆಸರು ಹಿಡಿದು ನಿಷೇಧಿಸೋ ಬದಲು ಲಕ್ಷಣ ಪಟ್ಟಿ ಮಾಡಿತು: ಪಿಸ್ತೂಲಿನಂಥ ಹಿಡಿ, ಮಡಚುವ ಹಿಂಬದಿ, ಹೀಗೆ. ಮ್ಯಾಗಜಿನ್ (ತೋಟೆ ತುಂಬುವ ಡಬ್ಬಿ) ಕಳಚಿ ಬರುವ ಅಂಥ ಅರೆಸ್ವಯಂಚಾಲಿತ ರೈಫಲ್ಲಿನಲ್ಲಿ ಅವುಗಳಲ್ಲಿ ಒಂದೂ ಇರಬಾರದು. ಅದಕ್ಕೆ ಅಂಗಡಿಗಳಲ್ಲಿ ಈ ಲಕ್ಷಣ ಯಾವುದೂ ಇಲ್ಲದ, ಹೆಬ್ಬೆರಳು ಸುತ್ತಿಕೊಳ್ಳೋಕೆ ಬಿಡದ ರೆಕ್ಕೆಯಂಥ ಹಿಡಿ ಇರುವ ವಿಚಿತ್ರ ಆಕಾರದ ರೈಫಲ್‌ಗಳು ಕಾಣುತ್ತವೆ. ಕಡಿಮೆ ಖರ್ಚಿನಲ್ಲಿ ತಲೆನೋವಿಲ್ಲದ ರೈಫಲ್ ಬೇಕು ಅಂದವರಿಗೆ ಇಲ್ಲಿನ ಹಿರಿಯರು ಹೇಳೋದು ಒಂದೇ, ಸಾದಾ ಬೋಲ್ಟ್ ರೈಫಲ್ ತಗೊಳ್ಳಿ, ಆ ಪಟ್ಟಿಯ ತಂಟೆಯೇ ಇಲ್ಲ.

ಇಲ್ಲಿರುವ ನಮ್ಮ ಹುಡುಗರಿಗೂ ಒಂದು ಮಾತು. ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳೋದು ಸಾಮಾನ್ಯವಾಗಿ ಅಮೆರಿಕದ ಕೇಂದ್ರ ಕಾನೂನಿಗೇ ವಿರುದ್ಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಕೂರಬೇಡಿ. ಗೆಳೆಯನ ಜೊತೆ ಅಂಗಡಿಗೆ ಹೋಗಿ ಆಸೆಪಟ್ಟು ವೀಸಾ ಕಳೆದುಕೊಳ್ಳಬೇಡಿ.

ಆಗುಂಬೆ ಮಳೆ

ಇಷ್ಟೊಂದು ಜನ ಬರೆದಿದ್ದೀರಿ, ಮನಸ್ಸು ತುಂಬಿ ಬಂತು. ಕೆಲಸದವರಿಗೆ ನಿನ್ನೆಯೇ ಬೇಡ ಅಂದು ಬಂದೆ. 7 ವರ್ಷದ ಮಾತು ಹೇಳಿದಾಗ ಅವರು ಬಹಳ ಹೊತ್ತು ತಿದಿ ನೋಡುತ್ತಾ ಕೂತರು.

ಕೊಡಗಿನವರು ಕೇಳಿದ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಅಜ್ಜನ ಕೋವಿ ಮಾರಿದ್ದಾರೆ ಅಂದುಕೊಂಡಿದ್ದೆ. ಅಮ್ಮನ ಹತ್ತಿರ ಕೇಳಿದರೆ, ಇಲ್ಲ, ಹಿಂದಿನ ಚುನಾವಣೆ ಹೊತ್ತಿಗೆ ಎಲ್ಲರೂ ಇಡಬೇಕು ಅಂದಾಗ ಅಜ್ಜ ಶಿವಮೊಗ್ಗದ ಬಂದೂಕು ಅಂಗಡಿಯಲ್ಲಿ ಠೇವಣಿ ಇಟ್ಟರಂತೆ. ವಾಪಸ್ ತರುವ ಮೊದಲೇ ಹಾಸಿಗೆ ಹಿಡಿದರು, ಹೋದರು. ಅವರ ಪೆಟ್ಟಿಗೆಯಲ್ಲಿ ಪಂಚಾಂಗದ ಒಳಗೆ ರಸೀದಿ ಸಿಕ್ಕಿತು. ಪರವಾನಗಿ ಪುಸ್ತಕವೂ ಇದೆ, ಎಸ್‌ಬಿಎಂಎಲ್ (ಒಂಟಿನಳಿಗೆಯ, ಬಾಯಿಂದ ಮದ್ದು ತುಂಬುವ ಕೋವಿ) ಅಂತ ಬರೆದಿದೆ. ಇದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬಹುದಾ?

ಪಹಣಿ ಪತ್ರ

ಸಿಕ್ಕಿತಲ್ಲ, ಇದಕ್ಕಿಂತ ಅಗ್ಗದ್ದು ಬೇರೆ ಯಾವುದೂ ಇಲ್ಲ. ಕೋವಿಗೆ ಒಂದು ರೂಪಾಯಿ ಖರ್ಚಿಲ್ಲ, ಅಂಗಡಿಯವರ ಠೇವಣಿ ಬಾಡಿಗೆ ಕೊಟ್ಟರಾಯಿತು.

2016ರ ನಿಯಮಗಳಲ್ಲಿ 25ನೇ ನಿಯಮ ಇರೋದೇ ಇದಕ್ಕೆ. ಪರವಾನಗಿದಾರರು ತೀರಿಕೊಂಡರೆ ವಾರಸುದಾರರಿಗೆ ಪರವಾನಗಿ ಕೊಡಬಹುದು. ಬದುಕಿದ್ದಾಗಲೇ 70 ವರ್ಷ ತುಂಬಿದ್ದರೆ, ಅಥವಾ ಆ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಮನೆಯವರಿಗೆ ವರ್ಗ ಮಾಡಿಸಬಹುದಿತ್ತು. ಮನೆಯಲ್ಲಿ ಹಿರಿಯರ ಕೋವಿ ಇರುವ ಎಲ್ಲರೂ ಈ ಎರಡನೇ ಮಾತು ಗಮನಿಸಿ, ಅವರು ಇರುವಾಗಲೇ ಮಾಡಿಸಿ. ಆಗ ಕಾಗದದ ಓಡಾಟ ಅರ್ಧಕ್ಕರ್ಧ ಕಡಿಮೆ.

ನಿಮಗೆ ಬೇಕಾಗೋದು: ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಹಳೆಯ ಪರವಾನಗಿ ಪುಸ್ತಕ, ಠೇವಣಿ ರಸೀದಿ, ವೈದ್ಯರ ಪ್ರಮಾಣಪತ್ರ, ಕೋವಿಯನ್ನು ಭದ್ರವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಮತ್ತೆ ಬಳಕೆಯ ತರಬೇತಿ ಪ್ರಮಾಣಪತ್ರ. ತರಬೇತಿಗೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರದ ಬಗ್ಗೆ ಠಾಣೆಯಲ್ಲೇ ಕೇಳಿ. ಅತ್ತೆಯಂದಿರು ಇದ್ದರೆ ಒಪ್ಪಿಗೆ ಪತ್ರಕ್ಕೆ ಮೊದಲೇ ಹೋಗಿ ಬನ್ನಿ, ಬಹಳ ಅರ್ಜಿಗಳು ನಿಂತಿರೋದು ಅಲ್ಲೇ.

ಆಗುಂಬೆ ಅಂದಿದ್ದರಿಂದ ಇನ್ನೊಂದು. ಸೋಮೇಶ್ವರ ಅಭಯಾರಣ್ಯದ ಗಡಿಯಿಂದ 10 ಕಿಲೋಮೀಟರ್ ಒಳಗೆ ಇದ್ದೀರಾ ನೋಡಿಕೊಳ್ಳಿ. ವನ್ಯಜೀವಿ ಕಾಯ್ದೆಯ 34ನೇ ಕಲಂ ಪ್ರಕಾರ ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ಕೋವಿ ಇರುವವರು ಅವರಲ್ಲಿ ಹೆಸರು ನೋಂದಾಯಿಸಬೇಕು. ಇದನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ ಕಡತ ಅಲ್ಲಿಂದ ಇಲ್ಲಿಗೆ ಓಡಾಡುತ್ತಲೇ ಇರುತ್ತದೆ. ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ತಡ ಮಾಡಬೇಡಿ. ಠೇವಣಿ ಕೋವಿಯನ್ನು ಅವಧಿಯೊಳಗೆ ಯಾರೂ ಕೇಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳೋಕೆ 21ನೇ ಕಲಮಿನಲ್ಲಿ ಅವಕಾಶ ಇದೆ.

ಆಗುಂಬೆ ಮಳೆ

ಎರಡು ತಿಂಗಳ ಮೇಲೆ ಬರೀತಿದ್ದೀನಿ. ಇಬ್ಬರು ಅತ್ತೆಯರೂ ಸಹಿ ಹಾಕಿದರು. ದೊಡ್ಡತ್ತೆ ಸಹಿ ಹಾಕುವ ಮೊದಲು 'ಅಪ್ಪಯ್ಯ ಅದರಲ್ಲಿ ಹೊಡೆದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು, ನೀನೂ ಹಾಗೇ ಇರು' ಅಂದರು. ಅರ್ಜಿ ಹೋಗಿದೆ, ತರಬೇತಿಗೆ ಹೆಸರು ಕೊಟ್ಟಿದ್ದೀನಿ. ಅಭಯಾರಣ್ಯದ ಸಮ್ಮತಿಯ ಕಾಗದ ಬೇರೆಯಾಗಿ ಓಡುತ್ತಿದೆ.

ಅಂಗಡಿಯಲ್ಲಿ ಕೋವಿ ನೋಡಿದೆ. ಗೋಣಿನೂಲಿನಲ್ಲಿ ಚೀಟಿ ಕಟ್ಟಿ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಮರದ ಹಿಡಿಯಲ್ಲಿ ಅಜ್ಜನ ಕೆನ್ನೆ ತಾಗುತ್ತಿದ್ದ ಕಡೆ ಬಣ್ಣ ಹೋಗಿ ಬೆಳ್ಳಗಾಗಿದೆ. ಸೀಳಿದ ಜಾಗಕ್ಕೆ ಸುತ್ತಿದ ಹಿತ್ತಾಳೆ ತಂತಿ ಹಾಗೇ ಇದೆ. ಕುದುರೆ (ಕೇಪಿಗೆ ಬಡಿಯುವ ಭಾಗ) ಎಳೆದರೆ ನಿಲ್ಲುತ್ತಿಲ್ಲ, ನಳಿಗೆಯ ಬಾಯಿ ಹತ್ತಿರ ತುಕ್ಕು. ರಿಪೇರಿ ಯಾರ ಹತ್ತಿರ ಮಾಡಿಸಲಿ, ತುಕ್ಕಿಗೆ ಏನು ಮಾಡಲಿ?

ಹಾಸನದ ಮಾಜಿ ಸೈನಿಕ

ಕುದುರೆ ನಿಲ್ಲದ ಕೋವಿಗೆ ಯಾವ ಕಾರಣಕ್ಕೂ ಮದ್ದು ಹಾಕಬೇಡ ತಮ್ಮಾ. ನಿನ್ನ ಹೆಸರಿಗೆ ಪರವಾನಗಿ ಬಂದ ಮೇಲೆ, ರಿಪೇರಿ ಪರವಾನಗಿ ಇರುವ ಬಂದೂಕು ಅಂಗಡಿಯಲ್ಲೇ ಅದನ್ನು ಸರಿಮಾಡಿಸು, ರಸೀದಿ ತಗೋ. ಒಳಗೆ ತುಕ್ಕು ಗುಳಿ ಬಿದ್ದಿದೆಯಾ ಅಂತ ನಳಿಗೆಯನ್ನೂ ಅವರಿಂದಲೇ ನೋಡಿಸು. ಗುಳಿ ಆಳವಾಗಿದ್ದರೆ ಅದನ್ನು ಗೋಡೆಗೆ ಬಿಟ್ಟು, ಅದೇ ಪರವಾನಗಿಯಲ್ಲಿ ಬೇರೆ ಕೋವಿಗೆ ಬದಲಾವಣೆ ಕೇಳು.

ಕರಿಮದ್ದಿನ ಕೋವಿಗೆ ಎಣ್ಣೆಗಿಂತ ಮೊದಲು ಬಿಸಿನೀರು. ಮದ್ದಿನ ಮಸಿ ಎಣ್ಣೆಗೆ ಕರಗೋದಿಲ್ಲ, ನೀರಿಗೆ ಕರಗುತ್ತದೆ. ಕುದಿಯುವ ನೀರು ಹೊಯ್ದು, ಗಜಕ್ಕೆ (ನಳಿಗೆಯೊಳಗೆ ತೂರಿಸುವ ಕೋಲಿಗೆ) ಬಟ್ಟೆ ಸುತ್ತಿ ಉಜ್ಜಿ, ನಳಿಗೆ ಬಿಸಿ ಇರುವಾಗಲೇ ಪೂರ್ತಿ ಒಣಗಿಸಿ, ಆಮೇಲೆ ತೆಳ್ಳಗೆ ಎಣ್ಣೆ. ನಿಮ್ಮ ಆಗುಂಬೆ ಮಳೆಗಾಲದಲ್ಲಿ ವಾರಕ್ಕೊಂದು ಸಲವಾದರೂ ತೆಗೆದು ನೋಡಬೇಕು. ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರಾ ನಿಮ್ಮ ಅಜ್ಜ?

ಆಗುಂಬೆ ಮಳೆ

ಹೌದು ಸರ್, ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟದಲ್ಲಿ. ಆದರೆ ಮುಚ್ಚಳಿಕೆಯಲ್ಲಿ ಬೀಗ ಹಾಕಿ ಇಡ್ತೀನಿ ಅಂತ ಬರೆದು ಕೊಟ್ಟಿದ್ದೀನಲ್ಲ, ಅದಕ್ಕೆ ಅಲ್ಲೇ ಕಬ್ಬಿಣದ ಪೆಟ್ಟಿಗೆಯೊಂದನ್ನು ಕೂರಿಸಬೇಕು ಅಂತಿದ್ದೀನಿ. ಪೆಟ್ಟಿಗೆ ಕೆಲಸವನ್ನು ಪಕ್ಕದೂರಿನ ಅವರಿಗೇ ಹೇಳಿದ್ದೀನಿ, ಅಳತೆ ತಗೊಂಡು ಹೋದರು.